ಉಪದೇಶಿಗಳ ರಾಗ ಇಳಿದ ದಾರಿ

ನಾನು ಒಂದು ಮ್ಯಾಂಡೋಲಿನ್. ಹುಟ್ಟಿದ್ದು ತುಮಕೂರಿನ ಒಬ್ಬ ಬಡಗಿಯ ಕೈಯಲ್ಲಿ. ಅವನು ಮಾಡುತ್ತಿದ್ದುದು ಬಾಗಿಲು, ತೊಟ್ಟಿಲು, ಮಂಚ. ಚರ್ಚಿನ ಉಪದೇಶಿಗಳು ಎಲ್ಲಿಂದಲೋ ಒಂದು ಮುರುಕಲು ಮ್ಯಾಂಡೋಲಿನ್ ತಂದು, ಇಂಥದ್ದೇ ಒಂದು ಮಾಡಿಕೊಡಪ್ಪಾ ಎಂದರಂತೆ. ಹಲಸಿನ ಮರ ಕೊರೆದು ಅವನು ನನಗೆ ಹೊಟ್ಟೆ ಕೊಟ್ಟ. ತಂತಿ ಎಂಟು ಬಿಗಿದರು, ಎರಡೆರಡರ ನಾಲ್ಕು ಜೊತೆ. ಜೊತೆಯ ತಂತಿಗಳೆರಡೂ ಒಂದೇ ಸ್ವರ ನುಡಿಯಬೇಕು. ಎಂಟು ಬಾಯಿ ಇಟ್ಟು ನಾಲ್ಕೇ ಮಾತು ಯಾಕೆ ಕೊಟ್ಟರೋ, ನನಗೆ ಆವತ್ತೂ ತಿಳಿಯಲಿಲ್ಲ, ಈವತ್ತೂ ತಿಳಿದಿಲ್ಲ.

ಜ್ಞಾನಮಿತ್ರ ಉಪದೇಶಿಗಳ ತೊಡೆಯ ಮೇಲೆ ಮಲಗಿ ನೋಡಿದರೆ ನನಗೆ ಕಾಣುತ್ತಿದ್ದುದು ಅವರ ಗಡ್ಡ, ಮೂಗಿನ ಹೊಳ್ಳೆ, ಅಷ್ಟೇ. ಶುಭ ಶುಕ್ರವಾರದ ಒಂದು ಹಾಡಿಗೆ ಅವರೇ ರಾಗ ಕಟ್ಟಿದ್ದರು. ಬರೆದಿಡಲಿಲ್ಲ. ಮಗಳು ಎಸ್ತರಳಿಗೆ ಕೈಯಿಂದ ಕೈಗೆ ಕೊಟ್ಟರು. ರಾಗಕ್ಕೆ ಮೊದಲು ಹಾರ್ಮೋನಿಕ್ ಮೈನರ್ ಎಂಬ ಪಾಶ್ಚಾತ್ಯ ಸ್ವರಗಳ ಮೆಟ್ಟಿಲು ಹತ್ತಿ ಇಳಿಯುವುದನ್ನು ಕಲಿಸಿದರು. ಹತ್ತುವಾಗ ಎಲ್ಲ ಸಲೀಸು. ತುದಿಯ ಹತ್ತಿರ ಮಾತ್ರ, ಗಾರೆಯವನು ನಡುವೆ ಒಂದು ಮೆಟ್ಟಿಲು ಮರೆತುಬಿಟ್ಟನೇನೋ ಎನ್ನುವ ಹಾಗೆ ಒಂದು ಕಂದಕ. ತೋರುಬೆರಳು ಈಚೆ ನಿಲ್ಲಬೇಕು, ನಡುಬೆರಳು ಆಚೆ ದಾಟಬೇಕು. ದುಃಖವೆಲ್ಲ ಆ ಕಂದಕದಲ್ಲೇ ಕೂತಿದೆ ಮಗಳೇ, ಎನ್ನುತ್ತಿದ್ದರು ಉಪದೇಶಿಗಳು. ನನ್ನ ಕತ್ತಿನ ಮೇಲೆ ಅಲ್ಲಿ ಇದ್ದದ್ದು ಬರೀ ಹಲಗೆ. ದುಃಖ ಎಲ್ಲಿ ಕೂತಿತ್ತೋ ನನಗೆ ಕಾಣಲಿಲ್ಲ.

ಉಪದೇಶಿಗಳು ತೀರಿಕೊಂಡ ಮೇಲೆ ನಾನು ಎಸ್ತರಮ್ಮನವರ ಪಾಲಾದೆ. ಅವರು ಶಾಲೆಯಲ್ಲಿ ಟೀಚರಾದರು, ನಿವೃತ್ತರೂ ಆದರು. ಪ್ರತಿ ಶುಭ ಶುಕ್ರವಾರ ಚರ್ಚಿನಲ್ಲಿ ನನ್ನನ್ನು ನುಡಿಸಿ ತಾವೊಬ್ಬರೇ ಹಾಡುತ್ತಿದ್ದರು. ಮಿಕ್ಕವರು ತಲೆ ತಗ್ಗಿಸಿ ಕೇಳುವರು. ಅದೇ ಅಲ್ಲಿನ ಪದ್ಧತಿ. ಹೀಗಿರುವಾಗ ಟೀಚರ ಬೆರಳ ಗಂಟುಗಳು ಊದಿಕೊಂಡವು. ದನಿಯೂ ಒಡೆಯಿತು. ಎರಡು ವರ್ಷ ಚರ್ಚಿನಲ್ಲಿ ಆ ಹಾಡು ಕೇಳಲಿಲ್ಲ. ಬಟ್ಟೆಯಿಂದ ನನ್ನ ಧೂಳು ಒರೆಸುತ್ತ ಟೀಚರು, ಅಪ್ಪನ ರಾಗ ನನ್ನ ಜೊತೆ ಮಣ್ಣಿಗೆ ಹೋಗುತ್ತೆ, ಎಂದು ಹೇಳಿಕೊಳ್ಳುವರು.

ಅದನ್ನು ಕೇಳಿಸಿಕೊಂಡವರು ಪಕ್ಕದ ಮನೆಯ ಅಲಮೇಲಮ್ಮ. ತವರಿನಲ್ಲಿ ವೀಣೆಗೆ ಕೂತು ಸರಳೆ ವರಸೆಯಲ್ಲಿ ಕೈ ಪಳಗುವಷ್ಟರಲ್ಲಿ ಮದುವೆಯಾಗಿ ಬಂದವರು. ವೀಣೆ ತವರಿನಲ್ಲೇ ಉಳಿಯಿತು. ನನಗೆ ಕಲಿಸಿ ಟೀಚರ್, ನಾನು ನುಡಿಸ್ತೀನಿ, ಎಂದರು. ಅವರ ಯಜಮಾನರು ಶ್ರೀರಂಗಾಚಾರ್ಯರು ಕಾಂಪೌಂಡಿನ ಆಚೆಯಿಂದಲೇ ಛೇಡಿಸಿದರು. "ಶುಕ್ರವಾರ ಲಕ್ಷ್ಮೀಪೂಜೆ ಬಿಟ್ಟು ಚರ್ಚಿಗೆ ಹೊರಟೆಯೇನೇ?"

"ಪೂಜೆ ಮುಗಿಸ್ಕೊಂಡೇ ಹೋಗ್ತೀನಿ. ಅನ್ನ ಬಡಿಸ್ಕೊಂಡು ತಿನ್ನೋಕ್ ಬರುತ್ತೆ ತಾನೇ ನಿಮಗೆ?" ಎಂದರು ಅಲಮೇಲಮ್ಮ.

ಮಧ್ಯಾಹ್ನ ಊಟವಾದ ಮೇಲೆ ಪಾಠ. ಮೊದಲು ಕೈ ಕೂರಲಿ ಎಂದು ಟೀಚರು, ನಿಮಗೆ ಗೊತ್ತಿರೋದನ್ನೇ ನುಡಿಸಿ ಎಂದರು. ಅಲಮೇಲಮ್ಮ ನುಡಿಸಿದ್ದು ಎಲ್ಲ ಮಕ್ಕಳೂ ಮೊದಲು ಕಲಿಯುವ ಮಾಯಾಮಾಳವಗೌಳ ರಾಗದ ಸರಳೆ ವರಸೆ. ತಪ್ಪಾದದ್ದು ಅಲ್ಲೇ. ಆಮೇಲೆ ಟೀಚರು ಉಪದೇಶಿಗಳ ಮೆಟ್ಟಿಲು ಹತ್ತಿಸಿದಾಗ, ಅಯ್ಯೋ ಇದು ನಮ್ಮ ಕೀರವಾಣಿ ರಾಗ ಅಲ್ವೇ, ಎಂದರು ಅಲಮೇಲಮ್ಮ. ಟೀಚರು, ಇರಬಹುದಮ್ಮಾ, ಅಪ್ಪ ಹಾಗೆ ಹೇಳಿರಲಿಲ್ಲ ಎಂದರು. ಒಂದೇ ಮೆಟ್ಟಿಲಿಗೆ ಎರಡು ಹೆಸರು! ನನ್ನ ತಲೆ ಇನ್ನಷ್ಟು ಕೆಟ್ಟಿತು.

ಹತ್ತುವುದು ಬೇಗ ಬಂತು. ಕಂದಕವನ್ನೂ ದಾಟಿದರು. ಇಳಿಯುವಾಗಲೇ ಕಷ್ಟ. ಮೇಲಿನ ಅರ್ಧ ಆ ಕೀರವಾಣಿಗೂ ಈ ಸರಳೆ ವರಸೆಗೂ ಒಂದೇ. ಅಷ್ಟು ಇಳಿದು ಕೆಳಗಿನ ತಂತಿಗೆ ಬಂದೊಡನೆ ಅಲಮೇಲಮ್ಮನ ಕೈಗೆ ತವರುಮನೆ ಕಂಡಂತಾಗುವುದು. ಮೇಲೆ ಇಟ್ಟ ಹೆಜ್ಜೆಯನ್ನೇ ಕೆಳಗೂ ಇಟ್ಟು, ಉಪದೇಶಿಗಳ ದಾರಿ ಬಿಟ್ಟು, ಸರಳೆ ವರಸೆಯ ದಾರಿಯಲ್ಲಿ ಮನೆ ಸೇರಿಬಿಡುವರು. ಟೀಚರು ಕುರ್ಚಿಯ ಕೈ ತಟ್ಟಿ, ಮತ್ತೆ, ಎನ್ನುವರು. ಮತ್ತೆ ಹತ್ತುವುದು, ಮತ್ತೆ ತಪ್ಪುವುದು. ಎರಡೂ ದಾರಿ ನನ್ನ ಕತ್ತಿನ ಮೇಲೆಯೇ ಇದ್ದವು. ಬೆರಳು ಒತ್ತಿದ್ದನ್ನು ನುಡಿಯುವುದಷ್ಟೇ ನನ್ನ ಕೆಲಸ. ಯಾವುದು ತಪ್ಪು, ಯಾವುದು ಸರಿ, ನಾನು ಹೇಗೆ ಹೇಳಲಿ?

ಶುಭ ಶುಕ್ರವಾರಕ್ಕೆ ಮುಂಚಿನ ಲೆಂಟಿನ ಉಪವಾಸದ ದಿನಗಳು ಮುಗಿಯುವ ಹೊತ್ತಿಗೆ ಕೈ ಸರಿದಾರಿಗೆ ಬಂದಿತ್ತು. ಟೀಚರು ಚರ್ಚಿನ ಹೆಂಗಸರಿಗೆ ಪದಗಳನ್ನು ಬಾಯಿಪಾಠ ಮಾಡಿಸಿದರು. ಇನ್ನು ಮೇಲೆ ಎಲ್ಲರೂ ಹಾಡಲಿ, ಆಗ ರಾಗ ಉಳಿಯುತ್ತೆ, ಅನ್ನುವುದು ಅವರ ಲೆಕ್ಕ. ರಾಗವನ್ನು ಮ್ಯಾಂಡೋಲಿನ್ ಹಿಂದೆ ಹೋಗಿ ಹಿಡಿಯಿರಿ ಎಂದರು.

ಶುಭ ಶುಕ್ರವಾರ ಅಲಮೇಲಮ್ಮ ಚರ್ಚಿನಲ್ಲಿ ಟೀಚರ ಪಕ್ಕದ ಬೆಂಚಿನಲ್ಲಿ ನನ್ನನ್ನು ತಬ್ಬಿ ಕೂತರು. ಅವರ ಎದೆ ಹೊಡೆದುಕೊಳ್ಳುವುದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ರಾಗ ಹತ್ತಿತು, ಕಂದಕ ದಾಟಿತು, ಇಳಿಯಿತು. ಅರ್ಧದಲ್ಲಿ ಕೈ ತವರಿಗೆ ತಿರುಗಿತು. ಹಿಂದೆಯೇ ಬರುತ್ತಿದ್ದ ಹೆಂಗಸರೆಲ್ಲ ಅದೇ ದಾರಿ ಹಿಡಿದರು.

ಎರಡನೆಯ ಚರಣದಲ್ಲಿ ಅಲಮೇಲಮ್ಮ ಗಟ್ಟಿಯಾಗಿ ಸರಿದಾರಿ ಒತ್ತಿದರು. ಹೆಂಗಸರು ಬಿಡಲಿಲ್ಲ, ಮೊದಲ ಚರಣದಲ್ಲಿ ಹಿಡಿದದ್ದನ್ನೇ ಹಾಡಿದರು. ನಾನೊಂದು ಕಡೆ, ಹಾಡೊಂದು ಕಡೆ. ಚರ್ಚಿನೊಳಗೆ ಎರಡು ರಾಗ ಒಂದಕ್ಕೊಂದು ಡಿಕ್ಕಿ ಹೊಡೆದವು. ಹಾಡುವವರು ತಡವರಿಸಿದರು, ಒಬ್ಬೊಬ್ಬರಾಗಿ ಬಾಯಿ ಮುಚ್ಚತೊಡಗಿದರು. ಅಲಮೇಲಮ್ಮ ಟೀಚರ ಮುಖ ನೋಡಿದರು. ಟೀಚರು ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ಊದಿದ ಕೈ ಎತ್ತಿ ಹೆಂಗಸರ ಕಡೆ ತೋರಿಸಿದರು. ಅವರ ಜೊತೆ ಹೋಗಿ, ಎಂದು.

ಮೂರನೆಯ ಚರಣವನ್ನು ಇಡೀ ಚರ್ಚು ಹಾಡಿತು.

ಹೊರಗೆ ಬಂದು ಇಬ್ಬರೂ ಬೇವಿನ ಮರದ ಕೆಳಗೆ ನಿಂತರು. "ಬರೋ ವರ್ಷ ಸರಿ ಮಾಡ್ತೀನಿ ಟೀಚರ್," ಎಂದರು ಅಲಮೇಲಮ್ಮ.

"ಇನ್ನು ಸರಿ ಮಾಡೋದಕ್ಕೆ ಆಗಲ್ಲಮ್ಮ. ಅವರ ಬಾಯಿಗೆ ಬಂದ್ಬಿಡ್ತು," ಎಂದರು ಟೀಚರು. ನನ್ನ ತಂತಿಗಳ ಮೇಲೆ ಕೈಯಾಡಿಸಿ, "ಅಪ್ಪನ ರಾಗದಲ್ಲಿ ಅರ್ಧ ಉಳೀತು. ನಾನೊಬ್ಬಳೇ ಹಾಡ್ಕೊಂಡಿದ್ದಿದ್ರೆ ಅದೂ ಉಳೀತಿರಲಿಲ್ಲ," ಎಂದರು. ಅದು ಸಮಾಧಾನವೋ ಸಂಕಟವೋ, ಅವರ ದನಿಯಲ್ಲಿ ನನಗೆ ಗೊತ್ತಾಗಲಿಲ್ಲ.

ಟೀಚರು ಹೋಗಿ ವರ್ಷಗಳಾದವು. ನಾನೀಗ ಅಲಮೇಲಮ್ಮನ ನಡುಮನೆಯ ಗೋಡೆಯಲ್ಲಿ ಮೊಳೆಗೆ ನೇತುಬಿದ್ದಿದ್ದೇನೆ. ಕತ್ತು ಬಾಗಿದೆ, ತಂತಿ ತುಕ್ಕು ಹಿಡಿದಿದೆ. ನನ್ನ ಅಗತ್ಯವಿಲ್ಲದೆಯೇ ಚರ್ಚಿನವರು ಹಾಡುತ್ತಾರೆ. ಉಪದೇಶಿಗಳ ರಾಗ ಎಂದೇ ಕರೆಯುತ್ತಾರೆ. ಉಪದೇಶಿಗಳು ಎದ್ದು ಬಂದು ಕೇಳಿದರೆ ತಮ್ಮದೆನ್ನುವರೋ ಇಲ್ಲವೋ, ಎಷ್ಟು ಯೋಚಿಸಿದರೂ ನನಗೆ ಬಗೆಹರಿಯುವುದಿಲ್ಲ.

ಹೋದ ಶುಭ ಶುಕ್ರವಾರ ಕಿಟಕಿಯಿಂದ ಹಾಡು ಕೇಳಿಬಂತು. ಅಲಮೇಲಮ್ಮ ನನ್ನ ಕೆಳಗಿನ ಕುರ್ಚಿಯಲ್ಲಿ ಕೂತಿದ್ದರು. ಎಡಗೈ ಬೆರಳುಗಳು ಮಂಡಿಯ ಮೇಲೆ ಆಡುತ್ತಿದ್ದವು. ಹತ್ತಿದವು, ಕಂದಕ ದಾಟಿದವು, ಇಳಿದವು. ಚರ್ಚಿನ ಹಾಡು ತನ್ನ ದಾರಿಯಲ್ಲಿ ಇಳಿಯಿತು. ಅವರ ಬೆರಳುಗಳು ಒಂದೂ ತಪ್ಪದೆ ಉಪದೇಶಿಗಳ ದಾರಿಯಲ್ಲಿ ಇಳಿದವು. ಆಮೇಲೆ ಅವರು ಎದ್ದು ಕಾಫಿಗೆ ಹಾಲಿಡಲು ಒಳಗೆ ಹೋದರು.