ನೀರಗಂಟಿಯ ಗಾಳದ ಕೋಲು

"ಇದು ಮೀನು ಹಿಡಿಯೋ ಕೋಲೋ, ಟೀವಿ ಆಂಟೆನಾನೋ?" ಎಂದು ಕೇಳಿದ ಜೋಗಪ್ಪ, ಕೋಲನ್ನು ಮುಟ್ಟದೆಯೇ.

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಎದುರಿಗೆ ಹಗ್ಗ, ಬಲೆ, ತಾಡಪತ್ರಿ ಮಾರುವ ಪಾಲಾಕ್ಷನಿಗೆ ಇಂಥ ಮಾತು ಹೊಸದಲ್ಲ. ಎಳೆದಷ್ಟೂ ಉದ್ದವಾಗುವ ಆ ಕೋಲನ್ನು ಒಂದರೊಳಗೊಂದು ತೂರಿಸಿ ಮೊಳದುದ್ದ ಮಾಡಿ ತೋರಿಸಿದ.

"ಚೀಲದಾಗ ಇಟ್ಕಂಡು ಹೋಗಬೌದು ಯಜಮಾನ್ರ. ನಿಮ್ಮ ಮಗ ಸಾರು ಆಫೀಸು ಮುಗಿಸಿ ಹಂಗ ಹೊಳಿಗೆ ಹೋಗ್ತಾರ."

"ಸಾರಿಗೆ ಹೊಳ್ಯಾಗ ಕಾಲಿಟ್ರ ನೆಗಡಿ ಬರ್ತೈತಪ್ಪ," ಎಂದ ಜೋಗಪ್ಪ.

ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಮಗ ಪ್ರಬುದ್ಧ ನಕ್ಕ. ಕೋಲು ತನಗೆ ಬೇಕೆಂದು ಅಪ್ಪನಿಗೆ ಅವನು ಹೇಳಿದ್ದೇ ಸುಳ್ಳು. ಹೊಳೆ ದಂಡೆಯ ತಮ್ಮೂರು ಹಲವಾಗಲಿನಲ್ಲಿ ಮೂವತ್ತು ವರ್ಷ ನೀರಗಂಟಿಯಾಗಿದ್ದ ಜೋಗಪ್ಪ, ಬೆಳಗ್ಗೆ ವಾಲ್ವು ತಿರುಗಿಸಿ ಊರಿಗೆಲ್ಲ ನೀರು ಬಿಟ್ಟು, ಬೀಸುಬಲೆ ಹೆಗಲಿಗೆ ಹಾಕಿಕೊಂಡು ಹೊಳೆಗಿಳಿಯುತ್ತಿದ್ದ ಆಸಾಮಿ. ಹೋದ ವರ್ಷ ಬಲಭುಜ ಹಿಡಿದುಕೊಂಡಿತು. ಆ ಕೈಯನ್ನು ಹೆಗಲಿಗಿಂತ ಮೇಲೆ ಎತ್ತಕೂಡದು ಎಂದು ದಾವಣಗೆರೆಯ ಡಾಕ್ಟರು ಹೇಳಿದರು. ಅಂದಿನಿಂದ ಬಲೆ ಗೂಟ ಸೇರಿತು, ಜೋಗಪ್ಪ ಮನೆ ಸೇರಿದ. ಹೊಳೆ ಕೂಗಳತೆಯಲ್ಲಿದ್ದರೂ ಆ ಕಡೆ ತಲೆ ಹಾಕಿರಲಿಲ್ಲ. ಈಗಿನ ಮೀನಿಗೆ ರುಚಿಯೇ ಇಲ್ಲ ಎಂದು ಕೇಳದವರನ್ನೂ ಕೂರಿಸಿಕೊಂಡು ಹೇಳುತ್ತಿದ್ದ.

"ನಿಮ್ಮಪ್ಪ ಒಲಿ ಮುಂದ ಕುಂತು ಬೆಂಕಿಗೆ ಬುದ್ಧಿ ಹೇಳಕತ್ಯಾನ," ಎಂದಿದ್ದಳು ಅವ್ವ ಗಿಡ್ಡಮ್ಮ. "ಹೆಂಗಾರ ಮಾಡಿ ಹೊಳಿಗೆ ಕಳಿಸು. ಕೋಲು ಅವನಿಗಂತ ಹೇಳಬ್ಯಾಡ ಮತ್ತ, ಕರುಣಿ ತೋರಿಸ್ತೀರೇನು ಅಂತ ಮುಖ ತಿರುವತಾನ."

ಹಾಗಾಗಿ ಪ್ರಬುದ್ಧ ಹದಿನೈದು ದಿನ ಮೊಬೈಲಿನಲ್ಲಿ ಗಾಳದ ವಿಡಿಯೋ ನೋಡಿ, ಇವತ್ತು ರಜಾ ಹಾಕಿ, "ನನಗ ಗೊತ್ತಾಗಂಗಿಲ್ಲ, ನೀನು ಬಂದು ಆರಿಸಿಕೊಡು" ಎಂದು ಅಪ್ಪನನ್ನು ಕರೆತಂದಿದ್ದ.

ಪಾಲಾಕ್ಷ ಇನ್ನೊಂದು ಕೋಲು ತೆಗೆದ. ಹೆಬ್ಬೆರಳು ದಪ್ಪ, ಬುಡಕ್ಕೆ ದಾರ ಸುತ್ತಿದ, ತೆಂಗಿನಕಾಯಿಯಂಥ ಬಂಗಾರದ ಬಣ್ಣದ ರೀಲು.

"ಇದು ಸಮುದ್ರದಾಗೂ ನಡೀತೈತ್ರಿ."

"ನಡೀಲಿ ಬಿಡು. ಹಲವಾಗಲಿಂದ ಸಮುದ್ರಕ್ಕ ಬಸ್ಸಿಲ್ಲ."

ಮೂರನೆಯದು ಬೂದು ಬಣ್ಣದ್ದು, ಏಳಡಿ, ಎರಡು ತುಂಡು. ಸಣ್ಣ ರೀಲು. ರೀಲು ಸೇರಿಯೇ ಎರಡು ಸಾವಿರದೊಳಗೆ. ಪ್ರಬುದ್ಧನ ಕಣ್ಣು ಮೊದಲಿನಿಂದಲೂ ಅದರ ಮೇಲೇ ಇತ್ತು.

"ಇದನ್ನ ನೋಡಪ್ಪ. ಅಮೆರಿಕದಾಗ ಬಾಸ್ ಅಂತ ಒಂದು ಮೀನೈತಿ. ನಮ್ಮ ಕೊರಮೀನಿನಂಗ ಅದೂ ಕಪ್ಪಿ ಕಂಡ್ರ ಹಾರಿ ನುಂಗತೈತಿ. ಅದಕ್ಕ ಇಂಥದ್ದ ತಗೋತಾರ. ದುಬಾರಿದು ಬ್ಯಾಡ, ಕೈಗೆ ಹಗುರಿದ್ರ ಸಾಕು ಅಂತಾರ. ರೀಲಿನಾಗ ಐದು ಬೇರಿಂಗ್ ಅದಾವ."

"ಮೀನು ಬೇರಿಂಗ್ ಎಣಿಸಿ ಬರ್ತಾವೇನಲೇ? ಮೊದಲ ಇದು ನಡುವ ಮುರಿದೈತಿ."

"ಮುರಿದಿಲ್ರಿ, ಜೋಡಿಸೋದು," ಎಂದು ಪಾಲಾಕ್ಷ ಜೋಡಿಸಿಯೇ ಬಿಟ್ಟ.

"ಜೋಡಿಸಿದ್ದು ಒಂದಿನ ಬಿಚ್ಚೇ ಬಿಚ್ಚತೈತಿ. ಮೂವತ್ತು ವರ್ಷ ಪೈಪು ನೋಡೀನಿ ನಾನು." ಹಾಗೆನ್ನುತ್ತಲೇ ಜೋಗಪ್ಪ ಕೋಲನ್ನು ಎಡಗೈಗೆ ತೆಗೆದುಕೊಂಡ. ಪ್ರಬುದ್ಧ ಕಣ್ಣಲ್ಲೇ ಸನ್ನೆ ಮಾಡಿದ. ಪಾಲಾಕ್ಷ ರೀಲಿನ ಎಡಬದಿಯಲ್ಲಿದ್ದ ದಾರ ಸುತ್ತುವ ಹಿಡಿಕೆಯನ್ನು ಬಿಚ್ಚಿ, ಬಲಗೈಗೆ ಸಿಗುವಂತೆ ಬಲಬದಿಗೆ ಕೂಡಿಸಿದ.

"ಎತ್ತು ಕೊಳ್ಳೋವಾಗ ಹೂಡಿ ನೋಡ್ತೀವಿ. ಇದನ್ನ ನೋಡಬೇಕಂದ್ರ ಒಂದು ಮೀನು ಬೇಕು," ಎಂದು ಜೋಗಪ್ಪ ಮಗನನ್ನು ಅಡಿಯಿಂದ ಮುಡಿಯವರೆಗೆ ಅಳೆದ.

ಇಸ್ತ್ರಿ ಅಂಗಿ ತೊಟ್ಟಿದ್ದ ಪ್ರಬುದ್ಧ ದಾರದ ತುದಿಯನ್ನು ಕರ್ಚೀಫಿಗೆ ಕಟ್ಟಿ ಮುಷ್ಟಿಯಲ್ಲಿ ಹಿಡಿದುಕೊಂಡ. ಓಡುವ ಮುಂಚೆ ಗಟ್ಟಿ ಇರಲಿ ಎಂದು ರೀಲಿನ ನೆತ್ತಿಯ ಮೇಲಿನ, ದಾರ ಬಿಗಿಮಾಡುವ ತಿರುಪನ್ನು ಪೂರ್ತಿ ಬಿಗಿದ. ರಸ್ತೆ ಬದಿಯ ಮಿರ್ಚಿ ಗಾಡಿಯವರೆಗೆ ಓಡಿದ್ದೇ ತಡ, ದಾರ ಪಟ್ಟನೆ ಹರಿದು, ಅವನು ಮುಗ್ಗರಿಸಿ ಕಚೇರಿಯ ರೇಖಾ ಮೇಡಂ ಎದುರಿಗೇ ಹೋಗಿ ನಿಂತ.

"ರಜಾ ಹಾಕಿ ಏನು ನಡಸೀರಿ ಪ್ರಬುದ್ಧ?"

"ಮೀನಾಗೀನ್ರಿ ಮೇಡಂ."

"ಹ್ಞಾಂ, ಸೋಮವಾರದೊಳಗ ಮನುಷ್ಯರಾಗಿ ಬರ್ರಿ," ಎಂದು ರೇಖಾ ಮುಂದೆ ಹೋದಳು.

ಪ್ರಬುದ್ಧ ವಾಪಸು ಬಂದಾಗ ಜೋಗಪ್ಪ ಅಂಗಡಿಯ ಮುಂದೆ ರೀಲನ್ನು ಕಿವಿಯ ಹತ್ತಿರ ಹಿಡಿದು ಕೂತಿದ್ದ. "ಇದನ್ನ ಇಷ್ಟು ಬಿಗದಾವ ಯಾರಲೇ?"

"ನಾನ."

"ವಾಲು ಪೂರಾ ಬಿಗದ್ರ ಪೈಪು ಒಡೀತೈತಿ ಅಂತ ನೀನು ಚಡ್ಡಿ ಹಾಕೋವಾಗಿಂದ ಹೇಳೀನಿ."

"ಅದು ವಾಲಲ್ಲಪ್ಪ."

"ಮತ್ತೇನು? ಎಷ್ಟು ಬಿಡಬೇಕು, ಎಷ್ಟು ಹಿಡೀಬೇಕು ಅನ್ನೋದೆಲ್ಲ ವಾಲ." ಜೋಗಪ್ಪ ಕಣ್ಣು ಮುಚ್ಚಿ, ಬಲಗೈಯ ಎರಡು ಬೆರಳಲ್ಲಿ ತಿರುಪನ್ನು ಕೂದಲೆಳೆಯಷ್ಟು ಹಿಂದಕ್ಕೆ ಬಿಟ್ಟ. ದಾರ ಜಗ್ಗಿ ನೋಡಿದ. ಮತ್ತೊಂದಿಷ್ಟು ಬಿಟ್ಟ. ಓಣಿ ಓಣಿಯ ನೀರನ್ನು ಬೆರಳ ತುದಿಯಲ್ಲಿ ಅಳೆಯುತ್ತಿದ್ದ ಮುಖವನ್ನು ಪ್ರಬುದ್ಧ ಒಂದು ವರ್ಷದಿಂದ ನೋಡಿರಲಿಲ್ಲ. "ಹ್ಞೂಂ, ಈಗ ಓಡು."

ಪ್ರಬುದ್ಧ ದಾರವನ್ನು ಮತ್ತೆ ಕರ್ಚೀಫಿಗೆ ಕಟ್ಟಿಕೊಂಡು ಓಡಿದ. ಈ ಸಲ ರೀಲು ಕಿರ್ರೆಂದು ದಾರ ಬಿಟ್ಟಿತು. ಮಿರ್ಚಿ ಗಾಡಿ ದಾಟಿದರೂ ಹರಿಯಲಿಲ್ಲ. ನಿಂತಲ್ಲಿಯೇ ಮುಷ್ಟಿಗೆ ಮೆಲ್ಲಗೆ ಒಂದು ಜಗ್ಗು ಬಂತು, ಸಡಿಲಾಯಿತು, ಮತ್ತೆ ಬಂತು. ಎಡಗೈಯಲ್ಲಿ ಬಾಗಿದ ಕೋಲು, ಹೊಟ್ಟೆಯ ಮಟ್ಟದಲ್ಲೇ ತಿರುಗುವ ಬಲಗೈ. ಭುಜ ಅಲ್ಲಾಡಲೇ ಇಲ್ಲ. ಪ್ರಬುದ್ಧ ಹೆಜ್ಜೆ ಹೆಜ್ಜೆಯಾಗಿ ವಾಪಸು ಬಂದು ಅಪ್ಪನ ಮೊಣಕಾಲಿಗೆ ತಾಗಿದ ಮೇಲೇ ನಿಂತ.

"ಹೆಂಗೈತಪ್ಪ?"

"ಮೀನು ವಜ್ಜ ಐತಿ, ಬುದ್ಧಿ ಕಮ್ಮಿ." ಜೋಗಪ್ಪ ಕೋಲಿನ ತುದಿ ನೋಡಿದ. "ಕೋಲು ನಿನಗ ಹೊಂದಂಗಿಲ್ಲ."

"ಯಾಕ?" ಎಂದ ಪ್ರಬುದ್ಧ.

"ಹಿಡಿಕಿ ಬಲಕ್ಕ ಐತಿ. ನೀನು ಬಲಗೈಲಿ ಎಸೆಯಾವ, ಎಡಗೈಲಿ ಸುತ್ತಬೇಕು."

"ಪಾಲಾಕ್ಷಣ್ಣ ಮೊದಲಿನಂಗ ಎಡಕ್ಕ ಹಾಕಿಕೊಡ್ತಾನ ಬಿಡು."

"ಬ್ಯಾಡ," ಎಂದ ಜೋಗಪ್ಪ, ರೀಲಿನ ಮೇಲೆ ಅಂಗೈ ಮುಚ್ಚಿ. "ಅಲ್ಲೇ ಇರಲಿ."

ಪ್ರಬುದ್ಧ ಒಳಗೆ ಹೋಗಿ ದುಡ್ಡು ಕೊಟ್ಟು, ಗಾಳಕ್ಕೆ ಸಿಕ್ಕಿಸುವ ಎರಡು ರಬ್ಬರ್ ಕಪ್ಪೆ ಆರಿಸಿಕೊಂಡು ಬಂದ. ಅಪ್ಪ ಕೂತಿದ್ದ ಜಾಗ ಖಾಲಿಯಾಗಿತ್ತು. ಎದುರಿಗೆ ಹಲವಾಗಲು ಬಸ್ಸು ಹೊಗೆ ಬಿಡುತ್ತ ಹೊರಡುತ್ತಿತ್ತು. ಅದರ ಹಿಂದಿನ ಕಿಟಕಿಯಿಂದ, ಬಿದಿರು ಹೇರಿದ ಲಾರಿಗೆ ಕಟ್ಟುವ ಹಾಗೆ ತುದಿಗೊಂದು ಕೆಂಪು ಬಟ್ಟೆ ಕಟ್ಟಿಕೊಂಡು, ಬಿಚ್ಚದ ಏಳಡಿ ಕೋಲು ಹೊರಗೆ ಚಾಚಿತ್ತು.