ಯಾವ ಕೃಷ್ಣಸ್ವಾಮಿ

ಗಂಡನ ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ತಮ್ಮನ ಕೈಯನ್ನು ಅಂಬುಜಾ ತಡೆದಳು.

"ಇನ್ನು ಸ್ವಲ್ಪ ಹೊತ್ತು ಕಾಯೋಣ ರಂಗ. ಅವರ ಆಫೀಸಿನೋರು ಬರ್ತಾರೆ."

"ಬೆಳಗ್ಗಿಂದ ಇದೇ ಹೇಳ್ತಿದ್ದೀಯ ಅಕ್ಕ. ಶಾಸ್ತ್ರಿಗಳು ಆಗ್ಲೇ ವಾಚ್ ನೋಡ್ಕೊಳ್ತಿದಾರೆ."

ಹಲಸೂರಿನ ಆ ವಠಾರದ ಅಂಗಳದಲ್ಲಿ ಸೇರಿದ್ದವರು ಅಕ್ಕಪಕ್ಕದ ಮನೆಯವರಷ್ಟೇ. ಜೀವಮಾನವಿಡೀ ಟೈಪ್‌ರೈಟರ್ ಮಾರಿದ ಮನುಷ್ಯನನ್ನು ಕಳಿಸಿಕೊಡಲು, ಟೈಪ್‌ರೈಟರ್ ಕೊಂಡವರು ಒಬ್ಬರೂ ಬಂದಿರಲಿಲ್ಲ.

ಮಗ ವಿಕ್ರಮ್ ಒದ್ದೆ ಪಂಚೆಯಲ್ಲಿ ನಡುಗುತ್ತಾ ತಾಯಿಯ ಪಕ್ಕಕ್ಕೆ ಬಂದ. "ಅಮ್ಮ, ಕಂಪನಿಗೆ ಫೋನ್ ಮಾಡಿದ್ದೆ. ಯಾವ ಕೃಷ್ಣಸ್ವಾಮಿ ಅಂತ ಕೇಳಿದ್ರು."

"ಹೊಸಬರು ಯಾರೋ ಫೋನ್ ತಗೊಂಡಿರ್ತಾರೆ," ಎಂದಳು ಅಂಬುಜಾ. "ಇದನ್ನ ಯಾರ ಹತ್ರಾನೂ ಹೇಳ್ಬೇಡ."

*

ಕೃಷ್ಣಸ್ವಾಮಿ ಮಾತಿನಲ್ಲೇ ಬದುಕಿದವರು. ಊಟಕ್ಕೆ ಕೂತರೆ ಸಾಕು, ಶಿವಾಜಿನಗರದಲ್ಲಿ ತಾವು ತೆರೆಯಲಿರುವ ಸ್ವಂತ ಅಂಗಡಿಯ ಮಾತು. "ಕಂಟೋನ್ಮೆಂಟಲ್ಲಿ ಯಾವ ಆಫೀಸಿಗಾದ್ರೂ ಹೋಗಿ ನನ್ನ ಹೆಸರು ಹೇಳು ಕಣೋ, ಕಾಫಿ ತರಿಸ್ತಾರೆ," ಎಂದು ಮಗನಿಗೆ ಹೇಳುವರು. ಮಗ ನಂಬಿದ್ದ. ಅಂಬುಜಾಳೂ ನಂಬಿದ್ದಳು.

ಆಮೇಲೆ ಆಫೀಸುಗಳಿಗೆ ಕಂಪ್ಯೂಟರ್ ಬಂತು. ಇವರಿಂದ ಮಷೀನು ಕೊಂಡವರೇ ಅದನ್ನು ತೂಕಕ್ಕೆ ಹಾಕತೊಡಗಿದರು. ಕಂಪನಿ ಯಾವಾಗ ಕೈಬಿಟ್ಟಿತೋ, ಅವರು ಹೇಳಲಿಲ್ಲ. ಇಸ್ತ್ರಿ ಶರಟು ತೊಟ್ಟು, ಊಟದ ಡಬ್ಬಿ ಹಿಡಿದು ದಿನಾ ಬೆಳಗ್ಗೆ ಹೊರಡುವುದಂತೂ ತಪ್ಪಲಿಲ್ಲ.

ಒಂದು ದಿನ ತರಕಾರಿ ತರುತ್ತಿದ್ದ ಅಂಬುಜಾ, ಕೆರೆ ಪಕ್ಕದ ಕಲ್ಲುಬೆಂಚಿನ ಮೇಲೆ ಅವರನ್ನು ಕಂಡಳು. ಇನ್ನೂ ಎಳೆ ಬಿಸಿಲು. ಆಗಲೇ ಡಬ್ಬಿ ತೆರೆದು ಉಣ್ಣುತ್ತಿದ್ದರು, ಮೆಲ್ಲಗೆ, ಹೊತ್ತು ಕಳೆಯಬೇಕಾದವರು ಉಣ್ಣುವ ಹಾಗೆ. ಅವಳು ಹತ್ತಿರ ಹೋಗಲು ಹೆಜ್ಜೆ ಎತ್ತಿದಳು. ಹೋಗಿ ಏನೆನ್ನುವುದು? ತಿರುಗಿ ಬೇರೆ ದಾರಿ ಹಿಡಿದಳು.

ಸಂಜೆ ಕಾಫಿ ಕೊಡುತ್ತಾ ಕೇಳಿದಳು: "ಇವತ್ತು ಹೇಗಿತ್ತು ರೀ?"

"ಗರುಡಾಚಾರ್‌ಪಾಳ್ಯದಲ್ಲಿ ಹೊಸ ಫ್ಯಾಕ್ಟರಿ ಶುರುವಾಗಿದೆ. ಎಂಟು ಮಷೀನ್ ಬೇಕಂತೆ."

"ಒಳ್ಳೇದಾಯ್ತು ಬಿಡಿ."

ಅವಳು ತಲೆಯೆತ್ತಲಿಲ್ಲ. ಅವರೂ ಎತ್ತಲಿಲ್ಲ. ಮರುದಿನದ ಶರಟಿಗೆ ಅವಳೇ ಇಸ್ತ್ರಿ ಹಾಕಿದಳು.

*

ಬಿಸಿಲೇರಿದ ಮೇಲೆ ಗೇಟಿನ ಬಳಿ ಚಪ್ಪಲಿ ಬಿಟ್ಟು ವಯಸ್ಸಾದ ಒಬ್ಬರು ಒಳಬಂದರು. ಶಿವಾಜಿನಗರದಲ್ಲಿ ಟೈಪ್‌ರೈಟರ್ ರಿಪೇರಿ ಮಾಡುವ ಅಹ್ಮದ್ ಪಾಷಾ. ನಿನ್ನೆ ಕೆರೆ ಬಳಿ ಕುಸಿದುಬಿದ್ದ ಗೆಳೆಯನನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದವರು ಅವರೇ.

ವಿಕ್ರಮ್ ಅವರ ಮುಂದೆ ಹೋಗಿ ನಿಂತ. "ಅಂಕಲ್, ಕೆಲಸದ ಹೊತ್ತಲ್ಲಿ ಅಪ್ಪ ಕೆರೆ ಹತ್ರ ಯಾಕಿದ್ರು?"

ಪಾಷಾ ಅಂಬುಜಾಳ ಕಡೆ ನೋಡಿದರು. ಅವಳು ಬೇಡವೆಂಬಂತೆ ತಲೆಯನ್ನು ತುಸುವೇ ಆಡಿಸಿದಳು.

"ದೊಡ್ಡ ಆರ್ಡರ್ ಇತ್ತು ಬೇಟಾ. ಆ ಕಡೆ ಹೊರಟಿದ್ರು ಸಾಬ್. ಬಿಸಿಲು ಜಾಸ್ತಿ ಅಂತ ಒಂದು ಗಳಿಗೆ ಕೂತ್ರು."

"ಆಫೀಸಿನೋರು ಯಾರೂ ಬರ್ಲಿಲ್ಲ."

"ವರ್ಕಿಂಗ್ ಡೇ ಅಲ್ವಾ? ರಜಾ ಸಿಗಲ್ಲ ಅವ್ರಿಗೆ."

ಹುಡುಗ ತಲೆಯಾಡಿಸಿದ. ನಂಬಿದನೋ, ಅಮ್ಮನಿಗಾಗಿ ನಂಬಿದಂತೆ ನಿಂತನೋ ಅಂಬುಜಾಳಿಗೆ ತಿಳಿಯಲಿಲ್ಲ.

"ಹೆಗಲಿಗೆ ಇನ್ನೊಬ್ಬರು ಬೇಕಲ್ಲ," ಎಂದರು ಶಾಸ್ತ್ರಿಗಳು. ಪಾಷಾ ಮುಂದೆ ಬಂದರು. ಶಾಸ್ತ್ರಿಗಳು ಅನುಮಾನಿಸಿದರು.

"ಅವರೇ ಹಿಡೀಲಿ," ಎಂದಳು ಅಂಬುಜಾ.

ಎತ್ತಿದ ಚಟ್ಟದ ಹಿಂದೆ ಅವಳು ಗೇಟಿನವರೆಗೆ ಹೋದಳು. ಬೀದಿಯ ಕೊನೆಗೆ, ಹೆಣ ಒಯ್ಯುವ ವ್ಯಾನು ನಿಂತಿದ್ದ ಮೇನ್ ರೋಡಿನಲ್ಲಿ ಬಸ್ ಸ್ಟಾಪು. ಚಟ್ಟ ಬರುವುದನ್ನು ಕಂಡು ಅಲ್ಲಿ ಕಾಯುತ್ತಿದ್ದವರೆಲ್ಲ ಎದ್ದು ನಿಂತರು. ಒಬ್ಬ ಸಿಗರೇಟು ಎಸೆದ, ಒಬ್ಬಳು ತಲೆಗೆ ಸೆರಗು ಹೊದ್ದಳು, ಆಫೀಸು ಬ್ಯಾಗಿನವರು ಕೈಮುಗಿದರು. ಯಾರೆಂದು ತಿಳಿಯದೆಯೇ ಅವಳ ಗಂಡನಿಗೆ ಕೈಮುಗಿದ ಆ ಜನವನ್ನು ಅಂಬುಜಾ ನೋಡುತ್ತಲೇ ನಿಂತಳು.

ಅಷ್ಟರಲ್ಲಿ ಟಿನ್ ಫ್ಯಾಕ್ಟರಿ ಕಡೆ ಹೋಗುವ ಸಿಟಿ ಬಸ್ಸು ಬಂತು. ಮುಗಿದ ಕೈಗಳು ಬಿಚ್ಚಿಕೊಂಡವು. ಒಬ್ಬರನ್ನೊಬ್ಬರು ತಳ್ಳುತ್ತಾ ಎಲ್ಲರೂ ಬಾಗಿಲಿಗೆ ಓಡಿದರು.