ಎರಡು ಬಾಗಿಲಿನ ಕಾರು

ಈ ತಿಂಗಳು ಶೋರೂಮಿನ ಆ ಕಾರು ಮಾರಿಹೋಗದಿದ್ದರೆ ನೀನೂ ಹೋಗಬಹುದು ಎಂದು ಮ್ಯಾನೇಜರ್ ನಗುನಗುತ್ತಲೇ ಹೇಳಿದ್ದ. ಮನೆಯಲ್ಲಿ ದುಡಿಯುವ ಕೈ ಇವಳದೊಂದೇ. ಸೇಲ್ಸ್‌ನವಳಿಗೆ ನಗು ಬರಲಿಲ್ಲ.

ಕಾರೇನೋ ರಾಜನಂಥದ್ದು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ, ದೂರ ಪ್ರಯಾಣಕ್ಕೆ ಹೇಳಿ ಮಾಡಿಸಿದ ಓಟ, ಹಿಂದೆ ಇಬ್ಬರಿಗೆ ಜಾಗ. ಆದರೆ ಬಾಗಿಲು ಎರಡೇ; ಹಿಂದಿನವರು ಹತ್ತಿಳಿಯಬೇಕೆಂದರೆ ಮುಂದಿನ ಸೀಟು ಮುಂದಕ್ಕೆ ಸರಿಯಬೇಕು. ಸಂಸಾರಸ್ಥರ ಕಾರು ಎಂದರೆ ಬಂದವರು ಹುಬ್ಬು ಹಾರಿಸುತ್ತಿದ್ದರು.

ಅಂದು ಬಂದವರು ಗಂಡ, ಹೆಂಡತಿ, ಗಂಡನ ತಾಯಿ. ಮಾತೆಲ್ಲ ಮಗನದು; ಆದರೆ ಪ್ರತಿ ಮಾತಿಗೂ ಅವನ ಕಣ್ಣು ತಾಯಿಯತ್ತ ಹೋಗುತ್ತಿತ್ತು. ಯಜಮಾನಿಕೆ ಯಾರದೆಂದು ಸೇಲ್ಸ್‌ನವಳಿಗೆ ತಿಳಿದುಹೋಯಿತು. ಅಜ್ಜಿಯನ್ನೇ ಕೈಹಿಡಿದು ಹಿಂದೆ ಕೂರಿಸಿದಳು.

"ತೊಟ್ಟಿಲಲ್ಲಿ ಮಲಗಿಸಿದ ಹಾಗಿದೆ ಕಣೋ!"

"ಆಮೇಲೆ ನಾವೇ ತೂಗ್ಬೇಕು ನೋಡಿ ಅತ್ತೆ," ಎನ್ನುತ್ತ ಸೊಸೆ ಮುಂದೆ ಕೂತು, ಗುಂಡಿ ಒತ್ತಿ ಸೀಟನ್ನು ಹಿಂದಕ್ಕೆ ಸರಿಸಿಕೊಂಡಳು. ಮಗ ಸ್ಟೀರಿಂಗ್ ಮುಂದೆ ಕೂತು ಹಾಡು ಹಾಕಿದ, ದೀಪಗಳನ್ನೆಲ್ಲ ಹೊತ್ತಿಸಿದ.

ಇದ್ದಕ್ಕಿದ್ದಂತೆ ಹಾಡು ನಿಂತಿತು, ದೀಪ ಆರಿತು. ಸೀಟು ಹಿಂದೆ ಸರಿದಲ್ಲೇ ಕೂತುಬಿಟ್ಟಿತು.

ನಿಂತೇ ಇರುವ ಕಾರಿನ ಬ್ಯಾಟರಿಗೆ ಚಾರ್ಜರ್ ಸದಾ ಸಿಕ್ಕಿಸಿರಬೇಕು. ವೈರು ಅಸಹ್ಯವಾಗಿ ಕಾಣುತ್ತದೆಂದು ಬೆಳಿಗ್ಗೆ ಇವಳೇ ಕಿತ್ತಿಟ್ಟಿದ್ದಳು. ಓಡಿಹೋಗಿ ಮತ್ತೆ ಸಿಕ್ಕಿಸಿದಳು. ಸ್ವಲ್ಪ ಹೊತ್ತು ಕಾಯಲೇಬೇಕು ಎಂದ ಮೆಕ್ಯಾನಿಕ್.

ಸೊಸೆ ಇಳಿದಳು. ಸೀಟು ಬಿಟ್ಟ ಅಷ್ಟೇ ಸಂದಿಯಲ್ಲಿ ಅಜ್ಜಿಯ ಮಂಡಿ ಹೊರಳಲಿಲ್ಲ. ಪಕ್ಕದ ಸೀಟಿಗೆ ದಾಟೋಣವೆಂದರೆ ನಡುವೆ ದಿಣ್ಣೆ. ಮಗ ಇಳಿದು ಮ್ಯಾನೇಜರ್ ಮೇಲೆ ಹರಿಹಾಯುತ್ತಿದ್ದ. ಸೇಲ್ಸ್‌ನವಳು ಆಚೆ ಬಾಗಿಲಿನಿಂದ ನುಸುಳಿ ಅಜ್ಜಿಯ ಪಕ್ಕ ಕೂತಳು.

"ಮಗಳೇ, ಒಂದಕ್ಕೆ ಅರ್ಜೆಂಟಾಗಿದೆ."

"ಇನ್ನೇನು ಅಜ್ಜಿ, ಸರಿಯುತ್ತೆ."

"ತಡೆಯೋಕಾಗ್ತಿಲ್ಲ ಕಣೇ, ಬಿಪಿ ಮಾತ್ರೆ ನುಂಗಿದ್ದೀನಿ, ನುಂಗಿದ್ರೆ ಹೀಗೇ ಆಗುತ್ತೆ."

ಇವಳು ಗುಂಡಿ ಒತ್ತಿದಳು, ಮತ್ತೆ ಒತ್ತಿದಳು. ಭುಜ ಕೊಟ್ಟು ನೂಕಿದಳು. ಸೀಟು ಕಲ್ಲಾಗಿತ್ತು.

ಅಜ್ಜಿಯ ಕೈ ಇವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು. ಆಮೇಲೆ ಸಡಿಲವಾಯಿತು.

"ಸೊಸೆ ಮುಂದೆ ಮಾನ ಹೋಯ್ತಲ್ಲೇ."

ಆಗಲೇ ಸೀಟು ಗುರ್ರೆಂದು ಮುಂದಕ್ಕೆ ಸರಿಯಿತು. ಮಗ ಬಾಗಿಲಿಗೆ ಬಂದ. ಗಿರಾಕಿಗಳಿಗೆಂದು ಇಟ್ಟಿದ್ದ ನೀರಿನ ಬಾಟಲಿಯನ್ನು ಇವಳು ಅಜ್ಜಿಯ ಮಡಿಲಿಗೆ, ಹಾಲುಬಣ್ಣದ ಆ ಚರ್ಮದ ಸೀಟಿಗೆ ಪೂರ್ತಿ ಸುರಿದುಬಿಟ್ಟಳು.

"ಅಯ್ಯೋ! ಕೈಜಾರಿತು ಸಾರ್, ಕುಡಿಸೋಕೆ ಹೋಗಿ..."

"ಕಣ್ಣು ಕಾಣಲ್ವೇನ್ರೀ?" ಮಗ ರೇಗಿದ.

ಅಜ್ಜಿಯನ್ನು ಇಳಿಸಿದರು. ಅಜ್ಜಿ ಇವಳ ಮುಖ ನೋಡಲಿಲ್ಲ. "ನಡಿಯೋ," ಎಂದರು ಮಗನಿಗೆ. "ಕೈ ನೆಟ್ಟಗಿಲ್ಲದವರ ಹತ್ರ ಎಂಥ ವ್ಯಾಪಾರ?"

ಮೂವರೂ ಶೋರೂಮಿನ ಬಾಗಿಲು ದಾಟುವವರೆಗೂ ಮ್ಯಾನೇಜರ್ ಕೈಮುಗಿದುಕೊಂಡೇ ಹಿಂದೆ ಹೋದ. ಮರಳಿ ಬಂದವನ ದನಿ ತಗ್ಗಿತ್ತು.

"ಇಷ್ಟು ವರ್ಷದಲ್ಲಿ ಒಂದು ಲೋಟ ನೀರೂ ಚೆಲ್ಲಿದವಳಲ್ಲ ನೀನು. ಏನಾಯ್ತು? ಕಾರಣ ಇದ್ರೆ ಈಗ್ಲೇ ಹೇಳಮ್ಮ, ಮೇಲಿನವರಿಗೆ ನಾನು ಹೇಳ್ತೀನಿ."

ಗಾಜಿನಾಚೆ ಅಜ್ಜಿ ಸೊಸೆಯ ತೋಳು ಹಿಡಿದು ಮೆಲ್ಲಗೆ ಮೆಟ್ಟಿಲಿಳಿಯುತ್ತಿದ್ದರು.

"ಕಾರಣ ಏನಿಲ್ಲ ಸಾರ್."

ಅವನು ಸೀಟು ನೋಡಲು ಬಗ್ಗಿದ. ಇವಳು ಅಡ್ಡ ನಿಂತಳು.

"ನೀವು ಮುಟ್ಬೇಡಿ. ನಾನೇ ಒರೆಸಿ ಹೋಗ್ತೀನಿ."